ಹಸಿವಿಲ್ಲದವನ ರೋಜಾ

ಕತ್ತೆಯಂಥ ಕೆಲಸ ಮಾಡಿದವನು ನಾನೇ. ಅದನ್ನು ಮೊದಲೇ ಹೇಳಿಬಿಟ್ಟರೆ ಓದುವವರಿಗೂ ಹಗುರ, ನನಗೂ ಹಗುರ. ಒಂದು ವರ್ಷ ರಮ್ಜಾನ್ ತಿಂಗಳಲ್ಲಿ ಅಫಜಲಪುರದ ಒಂದು ಗಲ್ಲಿಯ ಜನರೆಲ್ಲ ನಾನು ರೋಜಾ ಇದ್ದೇನೆಂದು ನಂಬಿದ್ದರು. ನಾನು ಇರಲಿಲ್ಲ. ಅವರು ಹನಿ ನೀರೂ ಮುಟ್ಟದೆ ಬಿಸಿಲಿನಲ್ಲಿ ಓಡಾಡುತ್ತಿದ್ದ ಹೊತ್ತಿಗೆ ನಾನು ಖೋಲಿಯ ಚಿಲಕ ಹಾಕಿಕೊಂಡು, ಅವ್ವ ಕಟ್ಟಿಕೊಟ್ಟ ಖಡಕ್ ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿ ತಿನ್ನುತ್ತಿದ್ದೆ. ಖಡಕ್ ರೊಟ್ಟಿ ತಿಂದವರಿಗೆ ಗೊತ್ತು, ಅದು ಗುಟ್ಟಾಗಿ ತಿನ್ನುವ ವಸ್ತುವಲ್ಲ. ಮುರಿದರೆ ಮೂರು ಮನೆಗೆ ಕೇಳಿಸುತ್ತದೆ. ಹಾಗಾಗಿ ಮುಂಜಾನೆಯೇ ನೀರು ಚಿಮುಕಿಸಿ, ಒದ್ದೆ ಟವೆಲ್ಲಿನಲ್ಲಿ ಸುತ್ತಿಟ್ಟು ಶಾಲೆಗೆ ಹೋಗುತ್ತಿದ್ದೆ. ಬರುವಷ್ಟರಲ್ಲಿ ಮೆತ್ತಗಾಗಿರುತ್ತಿತ್ತು. ಬಿ.ಎಡ್‌ನಲ್ಲಿ ಪೂರ್ವಸಿದ್ಧತೆ ಎಂದು ಕಲಿಸುತ್ತಾರಲ್ಲ, ಅದು ನನಗೆ ಉಪಯೋಗಕ್ಕೆ ಬಂದದ್ದು ಈ ಒಂದು ಕಡೆಯೇ.

ಇದೆಲ್ಲ ಮರಳಿ ಬಂದದ್ದು ಕರಬೂಜದ ವಾಸನೆಯಿಂದ. ನಾನೀಗ ಆಳಂದದಲ್ಲಿ ಪಾಠ ಹೇಳುತ್ತೇನೆ. ಮೊನ್ನೆ ಅವ್ವನನ್ನು ಗಾಣಗಾಪುರಕ್ಕೆ ಕರೆದುಕೊಂಡು ಹೊರಟಾಗ ಬಸ್ಸು ಚೌಡಾಪುರದಲ್ಲಿ ನಿಂತಿತು. ಕಿಟಕಿಯ ಕೆಳಗೆ ಒಬ್ಬಳು ಬುಟ್ಟಿ ಇಟ್ಟುಕೊಂಡು, ಮಣ್ಣೂರ ಹೊಳಿದಂಡಿ ಹಣ್ಣು, ಸಕ್ಕರಿ ಬ್ಯಾಡ, ಎಂದು ಕೂಗುತ್ತಿದ್ದಳು. ಹಣ್ಣಾಗಿ ಬಿರಿದ ಒಂದು ಕರಬೂಜವನ್ನು ಕಿಟಕಿಯವರೆಗೆ ಎತ್ತಿ ಹಿಡಿದಳು. ಅಂಥ ಕೂಗನ್ನು ನಾನು ಬಹಳ ಚೆನ್ನಾಗಿ ಅನುಕರಿಸುತ್ತೇನೆ, ಆದರೆ ಆ ಹೊತ್ತಿನಲ್ಲಿ ಬಾಯಿ ಏಳಲಿಲ್ಲ.

"ಯಾಕೋ, ಮಾರಿ ಸಣ್ಣ ಮಾಡ್ಕೊಂಡಿ?" ಅಂದಳು ಅವ್ವ.

"ಬಿಸಿಲವ್ವ."

ಬಿಸಿಲಿಗೆ ಎಲ್ಲವನ್ನೂ ಹೊರುವಷ್ಟು ಬೆನ್ನಿದೆ ನಮ್ಮ ಸೀಮೆಯಲ್ಲಿ.

ನಮ್ಮದು ಜೇವರ್ಗಿ ತಾಲ್ಲೂಕಿನ ಕೊಳಕೂರ. ಬಿ.ಎಡ್ ಮುಗಿಸಿ ಕೈಖಾಲಿ ಕೂತಿದ್ದಾಗ ಅಫಜಲಪುರದ ಒಂದು ಉರ್ದು ಶಾಲೆಗೆ ಕನ್ನಡ ಮಾಸ್ತರ ಬೇಕಾಗಿದ್ದಾರೆ ಎಂದು ತಿಳಿಯಿತು. ಹೋದೆ. ಹೆಡ್ ಸರ್ ನನ್ನ ಸರ್ಟಿಫಿಕೇಟು ನೋಡುತ್ತಿದ್ದಾಗ ಅವರಿಗೆ ಫೋನು ಬಂತು, ಅವರು ಮಾತಾಡಿ ಇಟ್ಟರು, ನಾನು ಸುಮ್ಮನಿರಲಾರದೆ ಆ ಫೋನಿನ ಆಚೆಗಿದ್ದವರ ದನಿಯನ್ನೇ ತೆಗೆದು "ಹಲೋ" ಅಂದೆ. ಅವರು ಬೆಚ್ಚಿ ಮತ್ತೆ ಫೋನು ಕಿವಿಗೆ ಹಚ್ಚಿಕೊಂಡರು. ಕೆಲಸ ಸಿಕ್ಕಿತು. ಕೊಳಕೂರದ ಗೆಳೆಯರು ಆ ದಿನದಿಂದ ನನ್ನನ್ನು "ಸಾಬರ ಸಾಲಿ ಸ್ವಾಮಿ" ಎಂದು ಕರೆಯತೊಡಗಿದರು. ಊರಲ್ಲಿ ನಾನು ಅಲ್ಲಿಯವನು, ಅಲ್ಲಿ ನಾನು ಊರಿನವನು. ನಡುವೆ ಬಸ್ಸಿನ ಸೀಟೊಂದೇ ನನ್ನದು ಎನ್ನುವಂಥದ್ದು, ಅದೂ ಸಿಕ್ಕರೆ.

ಶಾಲೆ ಗಲ್ಲಿಯವರೇ ಕಮಿಟಿ ಮಾಡಿಕೊಂಡು ಕಟ್ಟಿದ್ದು. ಅಂಗಳದಲ್ಲಿ ಒಂದು ಬೇವಿನ ಗಿಡ, ಅದರ ಕೆಳಗೆ ನಮಾಜಿಗೆ ಮುನ್ನ ಕೈಕಾಲು ತೊಳೆಯಲು ನಲ್ಲಿಗಳ ಸಾಲು. ಬೆಳಿಗ್ಗೆ ಪ್ರಾರ್ಥನೆಯ ದುವಾ, ಆಮೇಲೆ ನಾಡಗೀತೆ, ಮೊದಲ ಪಿರಿಯಡ್ಡು ದೀನಿಯಾತ್, ಅಂದರೆ ಧರ್ಮದ ಪಾಠ. ಅದು ಮುಗಿದ ಮೇಲೆ ಸರ್ಕಾರದ ಸಿಲಬಸ್ಸು. ಗಲ್ಲಿಗೂ ಶಾಲೆಗೂ ನಡುವೆ ಗೋಡೆ ಇತ್ತೇ ಹೊರತು ಬೇರೆ ಏನೂ ಇರಲಿಲ್ಲ. ಯಾರ ಮನೆಯಲ್ಲಿ ಮದುವೆಯಾದರೂ ಶಾಲೆಯ ಬೆಂಚು ಹೋಗುತ್ತಿದ್ದವು, ಮರುದಿನ ಹುಡುಗರು ಅರಿಷಿಣದ ಕಲೆಯ ಮೇಲೆ ಕೂತು ಬೀಜಗಣಿತ ಮಾಡುತ್ತಿದ್ದರು. ಫ್ಯಾನು ಕೆಟ್ಟರೆ ಯಾರದೋ ಅಪ್ಪ ಬಂದು ರಿಪೇರಿ ಮಾಡಿ ಹೋಗುತ್ತಿದ್ದ. ಒಂದು ಮಗು ಎರಡು ದಿನ ಬರದಿದ್ದರೆ ದೀನಿಯಾತ್ ಕಲಿಸುವ ಹಾಫಿಜ್ ಸಾಬರು ಸಂಜೆ ಅದರ ಮನೆಯ ಕಟ್ಟೆಯ ಮೇಲೆ ಕೂತಿರುತ್ತಿದ್ದರು.

ಈ ಹಾಫಿಜ್ ಸಾಬರು ಬಿಳಿ ಗಡ್ಡದ, ಒಣಕಲು ಶರೀರದ, ಮಾತಿಗೆ ಮುಂಚೆ ಕೆಮ್ಮುವ ಮನುಷ್ಯ. ಆ ಕೆಮ್ಮನ್ನು ನಾನು ಬಂದ ವಾರದಲ್ಲೇ ಕಲಿತೆ. ಏಳನೇ ಕ್ಲಾಸಿನ ಬಾಗಿಲ ಹೊರಗೆ ನಿಂತು ಕೆಮ್ಮಿದರೆ ಒಳಗೆ ಗದ್ದಲ ಥಟ್ಟನೆ ನಿಲ್ಲುತ್ತಿತ್ತು. ಒಂದು ದಿನ ಹಾಗೆ ಕೆಮ್ಮಿ ತಿರುಗಿದರೆ ಅವರೇ ಹಿಂದೆ ನಿಂತಿದ್ದಾರೆ.

"ಕೆಮ್ಮು ಬರೋಬರಿ ಅದ ಸರ್," ಅಂದರು. "ಆದ್ರ ನಾ ಬಾಯಿಗಿ ಎಡಗೈ ಅಡ್ಡ ಹಿಡೀತೇನಿ. ಅದನ್ನೂ ಕಲೀರಿ. ಹುಡುಗ್ರು ನೋಡ್ತಿರ್ತಾರ."

ಹೀಗೆ ಹಗಲು ಹೊತ್ತು ನನಗೆ ಕೊರತೆ ಇರಲಿಲ್ಲ. ಬಸ್ ಕಂಡಕ್ಟರನನ್ನು ಮಾಡು, ಹೆಡ್ ಸರ್ ಫೋನಿನಲ್ಲಿ ಬೈಸಿಕೊಳ್ಳುವುದನ್ನು ಮಾಡು ಎಂದು ಸ್ಟಾಫ್ ರೂಮು ಕಾಯುತ್ತಿತ್ತು. ಯಾರನ್ನೂ ಬಿಡುತ್ತಿರಲಿಲ್ಲ ನಾನು. ವ್ಯಾಕರಣ ಹೇಳುತ್ತ ತಾನೇ ತಪ್ಪು ಬರೆದು ಅಳಿಸುವ ಶರಣು ಸರ್‌ನನ್ನೂ ಮಾಡಿ ತೋರಿಸುತ್ತಿದ್ದೆ. ಆ ಶರಣು ನಾನೇ. ಆದರೆ ಶಾಲೆ ಬಿಟ್ಟ ಕೂಡಲೇ ಎಲ್ಲರಿಗೂ ಮನೆಗಳಿದ್ದವು. ಶುಕ್ರವಾರ ಅದು ಇನ್ನೂ ಬೇಗ ಆಗುತ್ತಿತ್ತು. ಜುಮ್ಮಾಕ್ಕೆ ಗಂಡಸರು, ದೊಡ್ಡ ಹುಡುಗರು ಎಲ್ಲ ಮಸೀದಿಗೆ ಹೋದ ಮೇಲೆ ಖಾಲಿ ಕಟ್ಟಡದಲ್ಲಿ ನಾನೂ ನಲ್ಲಿಯಿಂದ ತೊಟ್ಟಿಕ್ಕುವ ನೀರೂ ಉಳಿಯುತ್ತಿದ್ದೆವು. ಒಮ್ಮೆ ಖಾಲಿ ಕ್ಲಾಸಿಗೆ ಹೋಗಿ ಕಂಡಕ್ಟರನನ್ನು ಮಾಡಿದೆ. ನಗುವವರಿಲ್ಲದಿದ್ದರೆ ಆ ಮನುಷ್ಯ ಎಷ್ಟು ಸಿಟ್ಟಿನವನು ಅನಿಸಿತು. ಬಿಟ್ಟುಬಿಟ್ಟೆ.

ಖೋಲಿ ಶಾಲೆಯ ಹಿಂದಿನ ಮನೆಯ ಮಾಳಿಗೆಯ ಮೇಲಿತ್ತು. ಮನೆಯ ಒಡತಿಯನ್ನು ಗಲ್ಲಿಯೆಲ್ಲ ನಾನಿಮಾ ಎನ್ನುತ್ತಿತ್ತು. ಕೆಳಗೆ ಮಗ, ಸೊಸೆ, ನಮ್ಮ ಶಾಲೆಯಲ್ಲೇ ಮೂರನೇ ಕ್ಲಾಸು ಓದುವ ಮೊಮ್ಮಗಳು ಸಾನಿಯಾ. ಮಳೆಗಾಲ, ಚಳಿಗಾಲ ಎರಡೂ ಕಳೆದರೂ ನಾನಿಮಾ ನನ್ನ ಜೊತೆ ಆಡುತ್ತಿದ್ದ ಮಾತು ಒಂದೇ: "ಮಾಸ್ತರ, ನೀರ ಬಂದಾವ." ತಪ್ಪು ಅವಳದಲ್ಲ. ಕೊರಳಲ್ಲಿ ಲಿಂಗ ಕಟ್ಟಿಕೊಂಡ ಹುಡುಗ, ಏನು ಕೊಟ್ಟರೆ ತಿನ್ನುತ್ತಾನೋ ಇಲ್ಲವೋ ಎಂದು ಅವಳು, ಏನಾದರೂ ಕೇಳಿದರೆ ಏನಂದುಕೊಳ್ಳುತ್ತಾರೋ ಎಂದು ನಾನು. ಸಂಜೆ ಮಾಳಿಗೆಯ ಅಂಚಿಗೆ ನಿಂತರೆ ಕೆಳಗಿನ ಅಂಗಳದಲ್ಲಿ ಅವರೆಲ್ಲ ಕೂತು ಉಣ್ಣುವುದು ಕಾಣುತ್ತಿತ್ತು. ನೋಡಿದರೆ ಹಲ್ಕಾ ಅನ್ನಿಸೀತೆಂದು ಆಕಾಶ ನೋಡುತ್ತಿದ್ದೆ. ಆಕಾಶದಲ್ಲಿ ಏನೂ ನಡೆಯುತ್ತಿರಲಿಲ್ಲ.

ಫೆಬ್ರುವರಿ ಮುಗಿಯುತ್ತಲೇ ಬಿಸಿಲು ಏರಿತು, ಹಿಂದೆಯೇ ರಮ್ಜಾನ್ ಬಂತು. ಶಾಲೆಗೆ ರಮ್ಜಾನ್ ಟೈಮು: ಮುಂಜಾನೆ ಬೇಗ ಶುರು, ಊಟದ ಹೊತ್ತಿಗೆ ಬಿಡುಗಡೆ. ಅದೇ ತಿಂಗಳ ಕೊನೆಗೆ ಹತ್ತನೇ ಕ್ಲಾಸಿನ ಪರೀಕ್ಷೆ. ಮೊದಲ ರೋಜಾದ ದಿನ ಹತ್ತನೇ ಕ್ಲಾಸಿನ ಮಕ್ಕಳು ಬಾಡಿದ ಸೊಪ್ಪಿನಂತೆ ಕೂತಿದ್ದವು. ನಗಿಸೋಣವೆಂದು ನಾನು ಸಂಜೆ ಹೊತ್ತಿನ ರೋಜಾದವರನ್ನು ಮಾಡಿ ತೋರಿಸಿದೆ: ಒಣ ತುಟಿ, ಅರ್ಧ ಮುಚ್ಚಿದ ಕಣ್ಣು, ಗೋಡೆ ಹಿಡಿದು ನಡೆಯುವುದು, ಗಡಿಯಾರವನ್ನು ವೈರಿಯ ಹಾಗೆ ನೋಡುವುದು. ಮುಂದಿನ ಬೆಂಚಿನ ಇರ್ಫಾನ್ ನಗುತ್ತ ನಗುತ್ತ ಕೇಳಿದ:

"ಸರ್, ನೀವೂ ರೋಜಾ ಅದೀರೇನ್ರಿ?"

ಅದೇ ಒಣ ದನಿಯಲ್ಲಿ, "ಹೌದಪಾ, ನನ್ನ ಮುಂದ ನೀರು ಅನ್ನೂ ಮಾತು ತೆಗೀಬ್ಯಾಡ," ಅಂದೆ.

ಕ್ಲಾಸು ಬಿದ್ದು ಬಿದ್ದು ನಕ್ಕಿತು. ನಗುತ್ತಿದ್ದಾರೆ ಎಂದರೆ ನನಗೆ ನಿಲ್ಲಿಸಲು ಬರುವುದಿಲ್ಲ. ತಮಾಷೆ ಎಂದು ಹೇಳಲು ಮರೆತೆನೋ, ಹೇಳುವ ಮನಸ್ಸಾಗಲಿಲ್ಲವೋ. ಸಂಜೆಯೊಳಗೆ ಗಲ್ಲಿಗೆಲ್ಲ ಗೊತ್ತಾಗಿತ್ತು, ಲಿಂಗದ ಹುಡುಗ ರೋಜಾ ಹಿಡಿದಾನಂತೆ.

ಸೂರ್ಯ ಇಳಿಯುವ ಹೊತ್ತಿಗೆ ಮೆಟ್ಟಿಲ ಮೇಲೆ ಮೊಣಕಾಲು ನೋವಿನ ನಿಟ್ಟುಸಿರು ಕೇಳಿಸಿತು. ನಾನಿಮಾ. ಅಲ್ಲಿಯವರೆಗೆ ಅವಳು ಮಾಳಿಗೆ ಹತ್ತಿದ್ದನ್ನು ನಾನು ಕಂಡಿರಲಿಲ್ಲ.

"ಒಬ್ಬಾಂವ ಕುಂತು ರೋಜಾ ಬಿಡಬಾರದಪಾ," ಅಂದಳು. "ಕೆಳಗ ಬಾ."

ನಾನು "ಇಲ್ಲ ನಾನಿಮಾ, ಅದು ಹಂಗಲ್ಲ" ಎನ್ನಬೇಕಿತ್ತು. ಬಾಯಿ ಕೂಡ ತೆರೆದೆ. ಕೆಳಗೆ ಅಂಗಳದಲ್ಲಿ ಹಾಸಿದ್ದ ಬಟ್ಟೆ ಕಂಡಿತು, ಅದರ ಸುತ್ತ ಕೂತವರ ನಡುವೆ ಒಬ್ಬರು ಕೂಡುವಷ್ಟು ಜಾಗ ಬಿಟ್ಟಿದ್ದು ಕಂಡಿತು. ಇಳಿದು ಹೋಗಿ ಆ ಜಾಗದಲ್ಲಿ ಕೂತೆ.

ಆಮೇಲೆ ದಿನಾ ಕೂತೆ. ನನ್ನ ತಟ್ಟೆ ಬೇರೆ. ನನ್ನ ಭಜಿಯನ್ನು ಹೊಸ ಎಣ್ಣೆಯಲ್ಲಿ, ಖೀಮಾದ ಸಮೋಸಾ ಬೀಳುವ ಮುಂಚೆ ಕರಿದು ತೆಗೆದಿಡುತ್ತಿದ್ದಳು ನಾನಿಮಾ. "ಇದು ನಿಂದು. ಯಾವದೂ ಮುಟ್ಟಿಲ್ಲ, ಕಾಳಜಿ ಮಾಡಬ್ಯಾಡ," ಎಂದು ಮೊದಲ ದಿನ ಹೇಳಿದಳು, ಮತ್ತೆ ಹೇಳಬೇಕಾಗಲಿಲ್ಲ. ಖಜೂರ, ಹೆಚ್ಚಿದ ಕರಬೂಜ, ಕಡಲಿ ಉಸುಳಿ, ಗುಲಾಬಿ ಬಣ್ಣದ ಶರಬತ್ತು. ಸಾನಿಯಾ ನನ್ನ ಪಕ್ಕದಲ್ಲೇ ಕೂತು, ಯಾವ ಹೋಳಿನಲ್ಲಿ ಬೀಜ ಉಳಿದಿದೆ ಎಂದು ತಪಾಸು ಮಾಡಿ ಒಳ್ಳೆಯದನ್ನು ತಾನು ತೆಗೆದುಕೊಳ್ಳುತ್ತಿದ್ದಳು.

ತಿನ್ನುವುದಕ್ಕಿಂತ ಅದರ ಮುಂಚಿನ ಕೆಲವು ನಿಮಿಷಗಳು ನನಗೆ ಬೇಕಾಗಿದ್ದವು. ಎಲ್ಲರ ಮುಂದೆ ತಟ್ಟೆ ಇದೆ, ಎಲ್ಲರ ಕೈಯಲ್ಲಿ ಒಂದೊಂದು ಖಜೂರ ಇದೆ, ಯಾರೂ ಬಾಯಿಗೆ ಹಾಕುತ್ತಿಲ್ಲ. ಮಾತು ತಾನೇ ನಿಂತುಹೋಗುತ್ತದೆ. ನೊಣ ಹಾರಿದರೆ ಕೇಳಿಸುತ್ತದೆ. ಅಷ್ಟು ಜನ ಒಂದೇ ವಸ್ತುವಿಗಾಗಿ ಒಟ್ಟಿಗೆ ಕಾಯುವುದನ್ನು ನಾನು ಬೇರೆಲ್ಲೂ ನೋಡಿಲ್ಲ. ಅಜಾನು ಕೇಳಿಸಿದ ಕೂಡಲೇ ಎಲ್ಲರ ಮುಖದ ಮೇಲೆ ಬರುತ್ತಿದ್ದ ಆ ಸಡಿಲಿಕೆಯನ್ನು ನಾನು ಹಾಗೆಯೇ ನಕಲು ಮಾಡುತ್ತಿದ್ದೆ. ಮೊದಲ ಗುಟುಕು ನೀರಿಗೆ ಕಣ್ಣು ಮುಚ್ಚುವುದು, ಭುಜ ಇಳಿಸುವುದು. ಯಾರೂ ಹುಬ್ಬೇರಿಸದಂಥ ನಕಲು. ಆದರೆ ಹಸಿವಿಲ್ಲದವನಿಗೆ ಆ ಮೌನ ಹೊರಗಿನಿಂದಷ್ಟೇ ದಕ್ಕುತ್ತದೆ. ಎರಡೂ ಕಡೆ ಮೈಗೆ ಮೈ ತಾಗುವಂತೆ ಜನ ಕೂತಿರುತ್ತಿದ್ದರು, ಮಾಳಿಗೆಯ ಮೇಲೆ ಒಬ್ಬನೇ ನಿಂತಾಗಿನದಕ್ಕಿಂತ ದೂರ ಇದ್ದೇನೆ ಅನಿಸುತ್ತಿತ್ತು. ಅಷ್ಟಾದರೂ ಮರುದಿನ ಸಂಜೆ ಮತ್ತೆ ಇಳಿಯುತ್ತಿದ್ದೆ. ನಿಜ ಹೇಳಿದರೆ ಆ ಜಾಗ ಮುಚ್ಚಿಹೋಗುತ್ತದೆ, ಮತ್ತೆ "ನೀರ ಬಂದಾವ"ಕ್ಕೆ ಬಂದು ನಿಲ್ಲುತ್ತದೆ ಎಂಬ ಹೆದರಿಕೆ.

ಅವ್ವ ದಿನಾ ಫೋನಿನಲ್ಲಿ ಕೇಳುತ್ತಿದ್ದಳು, "ಹೊಟ್ಟಿ ತುಂಬ ಉಣ್ಣಾಕತ್ತೀಯಿಲ್ಲೋ?" "ಹೌದವ್ವ, ಎರಡೆರಡು ಸಲ," ಅನ್ನುತ್ತಿದ್ದೆ. ಆ ತಿಂಗಳಲ್ಲಿ ನಾನು ದಿನಾ ಹೇಳಿದ ಸತ್ಯ ಅದೊಂದೇ.

ಸುಳ್ಳು ನನ್ನೊಬ್ಬನ ಹೊಟ್ಟೆಯೊಳಗೇ ಇದ್ದಿದ್ದರೆ ಆಗುತ್ತಿತ್ತು. ಪರೀಕ್ಷೆ ಹತ್ತಿರ ಬಂದಂತೆ ಹೆಡ್ ಸರ್ ಸ್ಟಾಫ್ ರೂಮಿನಲ್ಲಿ ಒಂದು ಮಾತು ತೆಗೆದರು. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಹತ್ತನೇ ಕ್ಲಾಸಿನ ಅರ್ಧ ಮಕ್ಕಳು ಕನ್ನಡದಲ್ಲೇ ಬಿದ್ದಿದ್ದರು. ಶಾಲೆ ಬಿಟ್ಟ ಮೇಲೆ ದಿನಾ ಒಂದು ತಾಸು ಹೆಚ್ಚಿನ ಕ್ಲಾಸು ತೆಗೆದುಕೊಳ್ಳಲಾದೀತೇ ಎಂದು ನನ್ನನ್ನು ಕೇಳಿದರು. ಹಾಜರಿ ಪಟ್ಟಿ ಕೊಡಲು ಬಂದ ಇರ್ಫಾನ್ ಬಾಗಿಲಲ್ಲೇ ನಿಂತಿದ್ದ. ಅವನ ಕಥೆ ಎಲ್ಲರಿಗೂ ಗೊತ್ತಿತ್ತು. ಪಾಸಾದರೆ ಮುಂದೆ ಓದು, ಇಲ್ಲದಿದ್ದರೆ ಸೊಲ್ಲಾಪುರದಲ್ಲಿ ಚಿಕ್ಕಪ್ಪನ ಗ್ಯಾರೇಜು. ಗಣಿತ, ವಿಜ್ಞಾನ ಎಲ್ಲ ಬರುತ್ತಿತ್ತು ಅವನಿಗೆ, ಕನ್ನಡ ಪ್ರಬಂಧಕ್ಕೆ ಬಂದರೆ ಪೆನ್ನು ನಿಲ್ಲುತ್ತಿತ್ತು. (ಈಗ ಕಲಬುರಗಿಯಲ್ಲಿ ಡಿಪ್ಲೊಮಾ ಓದುತ್ತಾನೆ. ಅದು ನನ್ನಿಂದ ಎಂದು ಎದೆ ತಟ್ಟಿಕೊಳ್ಳಲು ಬರುವಂತಿಲ್ಲ, ಯಾಕೆಂದು ಮುಂದೆ ಗೊತ್ತಾಗುತ್ತದೆ.)

"ನಾವು ಕುಂಡ್ರತೇವ್ರಿ ಸರ್," ಅಂದ ಇರ್ಫಾನ್. "ರೋಜಾ ಇದ್ರೂ ಏನಾಗಂಗಿಲ್ಲ."

ಶಾಲೆ ಬಿಟ್ಟ ಮೇಲಿನ ಆ ತಾಸು ನನ್ನ ಟವೆಲ್ಲಿನ ತಾಸು. ಹಸಿದ ಹೊಟ್ಟೆಯಲ್ಲಿ ಮತ್ತೊಂದು ತಾಸು ಕನ್ನಡ ಹೇಳುವುದು ನನ್ನ ಕೈಲಾಗುವಂಥದ್ದಲ್ಲ. ಗಂಟಲು ಹಿಡಿದುಕೊಂಡು, "ನಂದೂ ರೋಜಾ ಅದಲ್ರಿ ಸರ್, ದನಿ ಏಳಂಗಿಲ್ಲ," ಅಂದೆ.

"ಪಾಪ, ಹೊಸಬ್ರು, ತ್ರಾಸ ಆಗ್ತದ," ಎಂದು ಹೆಡ್ ಸರ್ ತಾವೇ ಒಪ್ಪಿಕೊಂಡರು. ಮೂಲೆಯಲ್ಲಿ ಕಾಪಿ ತಿದ್ದುತ್ತಿದ್ದ ಹಾಫಿಜ್ ಸಾಬರು ತಲೆ ಎತ್ತಿ ನನ್ನನ್ನು ನೋಡಿ ಒಮ್ಮೆ ಕೆಮ್ಮಿದರು. ಎಡಗೈ ಅಡ್ಡ ಹಿಡಿದೇ.

ಪರೀಕ್ಷೆಗೆ ಇನ್ನು ವಾರವಿದೆ ಎನ್ನುವಾಗ ಸಾನಿಯಾ ತನ್ನ ಮೊದಲ ರೋಜಾ ಹಿಡಿಯುವುದೆಂದಾಯಿತು. ಮಗುವಿನ ಮೊದಲ ರೋಜಾಕ್ಕೆ ಅಲ್ಲಿ ರೋಜಾ ರಖಾಯಿ ಮಾಡುತ್ತಾರೆ. ಹೊಸ ಬಟ್ಟೆ, ಹೂವಿನ ಹಾರ, ಗಲ್ಲಿಗೆಲ್ಲ ಇಫ್ತಾರು. ಹಿಂದಿನ ಸಂಜೆ ನಾನಿಮಾ ನನ್ನ ಕಡೆ ತಿರುಗಿದಳು.

"ಮಾಸ್ತರಂದೂ ಇದೇ ಮೊದಲ್ನೇ ವರ್ಷ. ಇಬ್ಬರದೂ ಕೂಡೇ ಮಾಡಿಬಿಡಾಣ."

"ನಾನಿಮಾ, ನಾ ದೊಡ್ಡಾಂವ ಅದೇನಿ."

"ದೊಡ್ಡಾಂವ ಆದ್ರ ಏನಾತು, ಮೊದಲ್ನೇದು ಮೊದಲ್ನೇದೇ. ಸುಮ್ನ ಹಾರ ಹಾಕ್ಕೊ. ನಾಳಿ ಲಗ್ನದಾಗ ಹೆಂಗ ಕುಂಡ್ರಬೇಕಂತ ರೂಢಿಯಾಗ್ತದ."

ಎಲ್ಲರೂ ನಕ್ಕರು. ನಾನೂ ನಕ್ಕೆ, ನನ್ನ ನಗುವನ್ನೇ ಅನುಕರಿಸಿದಂತೆ.

ಆ ದಿನವಾದರೂ ನಿಜವಾಗಿ ಉಪವಾಸ ಇರೋಣ ಎಂದು ರಾತ್ರಿಯೇ ಶಪಥ ಮಾಡಿದ್ದೆ. ಮಧ್ಯಾಹ್ನ ಟವೆಲ್ಲು ಬಿಚ್ಚಿ ಸುಮ್ಮನೆ ನೋಡಿದೆ. ಸುಮ್ಮನೆ ನೋಡುವುದು ನನ್ನ ವಂಶದಲ್ಲಿಲ್ಲ. ತಿಂದು, ಬಾಯಿ ತೊಳೆದು, ಚಿಲಕ ತೆಗೆದರೆ ಹೊಸ್ತಿಲ ಮೇಲೆ ಸಾನಿಯಾ ಕೂತಿದ್ದಳು, ಕೈಗೆ ಮೆಹಂದಿ ಹಾಕಿಕೊಂಡು, ತುಟಿ ಬಿಳುಚಿಕೊಂಡು.

"ಕೆಳಗ ಎಲ್ಲಾರೂ ಅಡಗಿ ಮಾಡಾಕತ್ತಾರ್ರಿ ಸರ್. ವಾಸನಿ ಬರ್ತದ. ಅದಕ್ಕ ಮ್ಯಾಲ ಬಂದೆ. ನೀವೂ ರೋಜಾ ಅದೀರಲ್ಲ, ಇಬ್ರೂ ಕೂಡಿ ಕುಂಡ್ರೋಣು."

ಅವಳ ಹೊತ್ತು ಕಳೆಯಲೆಂದು ನನ್ನ ಚೀಲದಲ್ಲಿದ್ದುದನ್ನೆಲ್ಲ ಹೊರಗೆ ತೆಗೆದೆ. ಕಂಡಕ್ಟರ, ಕೆಟ್ಟ ಮೈಕು, ಹೆಡ್ ಸರ್, ಮೊಣಕಾಲು ನೋವಿನ ನಾನಿಮಾ. ನಕ್ಕಳು. ಸ್ವಲ್ಪ ಹೊತ್ತಿಗೆ ನಗಲೂ ಆಗದಾಯಿತು. ಗೋಡೆಗೆ ಒರಗಿ, ಕಣ್ಣಲ್ಲಿ ನೀರು ತಂದುಕೊಂಡು ಕೇಳಿದಳು:

"ಸರ್, ನಿಮಗ ದಿನಾ ಹಿಂಗ ಆಗ್ತದ? ನೀವು ಹೆಂಗ ತಡ್ಕೋತೀರಿ?"

ನನ್ನ ಬಾಯಲ್ಲಿ ಇನ್ನೂ ಶೇಂಗಾ ಚಟ್ನಿಯ ಬೆಳ್ಳುಳ್ಳಿ ಇತ್ತು. ಮುಖ ಆ ಕಡೆ ತಿರುಗಿಸಿ, "ನೀ ನನಗಿಂತ ಗಟ್ಟಿ ಅದಿ ಬಿಡು," ಅಂದೆ. ಅವಳು ಹೂಂ ಅಂದಳು, ನಂಬಲಿಲ್ಲ.

ಸಂಜೆ ಅಂಗಳಕ್ಕೆ ಶಾಲೆಯ ಬೆಂಚು ಬಂದವು. ಎರಡು ಕುರ್ಚಿ ಹಾಕಿ ಒಂದರಲ್ಲಿ ಜರಿ ಲಂಗದ ಸಾನಿಯಾನನ್ನೂ, ಇನ್ನೊಂದರಲ್ಲಿ ನನ್ನನ್ನೂ ಕೂಡಿಸಿದರು. ಮಲ್ಲಿಗೆಯ ಹಾರ ಕೊರಳಿಗೆ ಬಿದ್ದಾಗ ಒಳಗಿದ್ದ ಲಿಂಗದ ಬೆಳ್ಳಿ ಕಾಯಿಗೆ ತಾಗಿ ಸಣ್ಣಗೆ ಸದ್ದಾಯಿತು. ಗಲ್ಲಿಯ ಜನ, ಹೆಡ್ ಸರ್, ಹತ್ತನೇ ಕ್ಲಾಸಿನ ಹುಡುಗರು, ದುವಾ ಮಾಡಲು ಬಂದ ಹಾಫಿಜ್ ಸಾಬರು, ಎಲ್ಲರ ಕೈಯಲ್ಲೂ ಖಜೂರ. ಆ ಮೌನ ಬಂತು. ಸಾನಿಯಾ ತನ್ನ ಖಜೂರವನ್ನು ನೋಡಿದಳು, ನನ್ನನ್ನು ನೋಡಿದಳು. ದಿನವಿಡೀ ಕಾದಿದ್ದ ಅದನ್ನು ನನ್ನ ಕಡೆ ಚಾಚಿದಳು.

"ಸರ್, ನಂದು ಒಂದೇ ದಿನ. ನಿಮ್ದು ಭಾಳ ದಿನ ಆತು. ಮೊದಲ ನೀವು ತಿನ್ರಿ."

ಕೈ ಮುಂದೆ ಹೋಗಲಿಲ್ಲ.

"ನಂದು ರೋಜಾ ಇಲ್ಲ," ಅಂದೆ. "ಒಂದು ದಿನಾನೂ ಇದ್ದಿಲ್ಲ. ದಿನಾ ಮಧ್ಯಾಹ್ನ ಮ್ಯಾಲ ಕುಂತು ರೊಟ್ಟಿ ತಿಂದೇನಿ."

ಅಂಗಳವೆಲ್ಲ ಗೊಳ್ಳೆಂದು ನಕ್ಕಿತು. ಹಿಂದಿನಿಂದ ಯಾರೋ, "ಇದು ಯಾರ್ದು ನಕಲು ಮಾಡಾಕತ್ತಾರ? ಕದ್ದು ತಿನ್ನೂ ನಮ್ಮ ಸಲೀಮಂದೇನು?" ಅಂದರು. ನಾನಿಮಾ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು. ಅಷ್ಟು ತಿಂಗಳು ಅಷ್ಟು ಜನರ ದನಿಯಲ್ಲಿ ಮಾತಾಡಿದವನಿಗೆ ತನ್ನದು ಎನ್ನುವ ದನಿ ಯಾವುದೆಂದು ತಿಳಿಯದೆ, ಎದ್ದು ನಿಂತು, ಹಾರ ತೆಗೆದು ಕುರ್ಚಿಯ ಮೇಲಿಟ್ಟೆ. ಮತ್ತೊಮ್ಮೆ ಹೇಳಿದೆ. ದನಿ ಒಡೆದುಹೋಯಿತು. ಆಗ ನಗು ಒಬ್ಬೊಬ್ಬರಾಗಿ ನಿಂತಿತು. ಸಾನಿಯಾಳ ಕೈ ಇನ್ನೂ ನನ್ನ ಕಡೆಗೇ ಚಾಚಿತ್ತು.

ಅಜಾನು ಆಯಿತು. ಯಾರಿಗೂ ಬಾಯಿಗೆ ಹಾಕಿಕೊಳ್ಳಲು ತೋಚಲಿಲ್ಲ. ಹಾಫಿಜ್ ಸಾಬರು ಮುಂದೆ ಬಂದು ಸಾನಿಯಾಳ ಕೈಯನ್ನು ಅವಳ ಬಾಯಿಯ ಕಡೆಗೇ ತಿರುಗಿಸಿದರು, "ತಿನ್ನವಾ, ಹೊತ್ತಾತು." ತಾವೂ ಒಂದು ಖಜೂರ ತಿಂದು ನೀರು ಕುಡಿದರು. ಅದನ್ನು ನೋಡಿ ಉಳಿದವರೂ ರೋಜಾ ಬಿಟ್ಟರು, ತಲೆ ಎತ್ತದೆ. ಇರ್ಫಾನ್ ಮಾತ್ರ ಗ್ಲಾಸು ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದ. ಹೊರಟುಹೋಗಲೇ, ಕೂತುಕೊಳ್ಳಲೇ ಎಂದು ಗೊತ್ತಾಗದೆ ನಿಂತಿದ್ದ ನನಗೆ ಹಾಫಿಜ್ ಸಾಬರು ಗಡ್ಡ ಒರೆಸಿಕೊಂಡು, ಈ ಸಲ ಕೆಮ್ಮದೆಯೇ ಹೇಳಿದರು:

"ಶರಣು ಸರ್, ರೋಜಾ ಅಲ್ಲಾಂದು, ಅದನ್ನ ಅವ್ನೇ ಕೇಳ್ತಾನ. ಈ ಊಟ ನಾನಿಮಾಂದು, ಅಕಿ ಯಾವತ್ತೂ ಕೇಳಂಗಿಲ್ಲ. ನಾ ಕೇಳೂದು ಇಷ್ಟೇ: ಇಡೀ ಸಾಲಿಯಾಗ ಮಧ್ಯಾಹ್ನ ಹೊಟ್ಟಿ ತುಂಬ ಉಂಡವ್ರು ನೀವೊಬ್ಬರೇ ಇದ್ರಿ, ಮತ್ತ ಹತ್ತನೇ ಕ್ಲಾಸಿನ ಪಾಠ ಯಾಕ ತಗೋಳಿಲ್ಲ?"